ಚಳಿಗೆ ಸೀಳಿದ ಹಡಗುಗಳ ಗುಟ್ಟು ಬಿಡಿಸಿದ ಕಾನ್‌ಸ್ಟನ್ಸ್ ಟಿಪ್ಪರ್

1943ರ ಜನವರಿ 16ರ ರಾತ್ರಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಕಟ್ಟೆಗೆ ಕಟ್ಟಿ ನಿಲ್ಲಿಸಿದ್ದ 'ಶೆನೆಕ್ಟಡಿ' ಎಂಬ ಹೊಚ್ಚ ಹೊಸ ತೈಲ ಹಡಗು ಭಾರೀ ಸದ್ದಿನೊಂದಿಗೆ ನಡುವಿನಲ್ಲೇ ಸೀಳಿಹೋಯಿತು. ಅಲೆಗಳ ಹೊಡೆತವಾಗಲಿ, ಶತ್ರುವಿನ ದಾಳಿಯಾಗಲಿ ಇರಲಿಲ್ಲ. ನೀರು ಶಾಂತವಾಗಿತ್ತು. ಇದ್ದದ್ದು ಕೊರೆಯುವ ಚಳಿ ಮಾತ್ರ. ಯುದ್ಧದ ಅವಸರದಲ್ಲಿ ವೆಲ್ಡಿಂಗ್ ಮಾಡಿ ನಿರ್ಮಿಸಿದ 2,710 ಲಿಬರ್ಟಿ ಹಡಗುಗಳಲ್ಲೂ ಹಲವು ಬಿರುಕು ಬಿಟ್ಟವು, ಕೆಲವು ಎರಡು ತುಂಡಾದವು. ಎಲ್ಲರ ಬೆರಳೂ ವೆಲ್ಡಿಂಗ್ ಕಡೆಗೇ ತಿರುಗಿತ್ತು.

ಬ್ರಿಟನ್ನಿನಲ್ಲಿ ಈ ಒಗಟನ್ನು ಬಿಡಿಸುವ ಕೆಲಸ ಬಂದದ್ದು ಕೇಂಬ್ರಿಜ್‌ನ ಲೋಹವಿಜ್ಞಾನಿ ಕಾನ್‌ಸ್ಟನ್ಸ್ ಟಿಪ್ಪರ್ ಅವರ ಪಾಲಿಗೆ. 1894ರಲ್ಲಿ ಹರ್ಟ್‌ಫರ್ಡ್‌ಶೈರಿನಲ್ಲಿ ಜನಿಸಿದ ಆಕೆ ಕೇಂಬ್ರಿಜ್‌ನ ನ್ಯೂನಮ್ ಕಾಲೇಜಿನಲ್ಲಿ ವಿಜ್ಞಾನ ಓದಿದವರು. ಲಂಡನ್ನಿನಲ್ಲಿ ಹೆರಾಲ್ಡ್ ಕಾರ್ಪೆಂಟರ್ ಜತೆ ಲೋಹದ ಹರಳುಗಳ ಅಧ್ಯಯನ ನಡೆಸಿದರು. 1923ರ ವೇಳೆಗೆ ಜಿ.ಐ. ಟೇಲರ್ ಅವರೊಂದಿಗೆ ಮಾಡಿದ ಸಂಶೋಧನೆ ರಾಯಲ್ ಸೊಸೈಟಿಯ ಬೇಕೇರಿಯನ್ ಉಪನ್ಯಾಸದ ವಸ್ತುವಾಯಿತು. 1928ರಲ್ಲಿ ಆಕೆ ಕೈ ಹಿಡಿದ ಜಾರ್ಜ್ ಟಿಪ್ಪರ್, ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯಲ್ಲಿ ಸೇವೆ ಸಲ್ಲಿಸಿದ ಭೂವಿಜ್ಞಾನಿ ಎಂಬುದು ನಮ್ಮ ಓದುಗರಿಗೆ ಕುತೂಹಲದ ಸಂಗತಿ.

ಆಕೆಯ ಪರೀಕ್ಷೆಗಳು ಹೊರಗೆಡಹಿದ್ದು ಬೇರೆಯೇ ಸತ್ಯ. ಮುಖ್ಯ ದೋಷ ಉಕ್ಕಿನಲ್ಲೇ ಇತ್ತು. ಸಾಮಾನ್ಯ ಉಷ್ಣತೆಯಲ್ಲಿ ಅದು ಮೊದಲು ಬಾಗಿ, ಹಿಗ್ಗಿ, ಆನಂತರವೇ ಹರಿಯುತ್ತದೆ. ಒಂದು ಮಿತಿಗಿಂತ ತಂಪಾದರೆ ಅದೇ ಉಕ್ಕು ಗಾಜಿನಂತೆ ಒಡೆಯುತ್ತದೆ. ಆ ಮಿತಿ ಎಲ್ಲ ಉಕ್ಕಿಗೂ ಒಂದೇ ಅಲ್ಲ. ಯುದ್ಧಕಾಲದ ಹಡಗುಗಳಿಗೆ ಬಳಸಿದ ಉಕ್ಕಿನಲ್ಲಿ ಅದು ಚಳಿಗಾಲದ ಸಮುದ್ರದ ಉಷ್ಣತೆಯ ಆಸುಪಾಸಿನಲ್ಲೇ ಇತ್ತು. ಚೌಕಾಕಾರದ ಬಾಗಿಲಿನ ಮೂಲೆಯಲ್ಲೋ ವೆಲ್ಡಿಂಗ್ ದೋಷದಲ್ಲೋ ಬಿರುಕು ಹುಟ್ಟುತ್ತಿತ್ತು. ರಿವೆಟ್ ಹೊಡೆದ ಹಡಗಿನಲ್ಲಾದರೆ ಅದು ಒಂದು ತಗಡಿನ ಅಂಚಿಗೆ ಬಂದು ನಿಲ್ಲಬಹುದಿತ್ತು. ವೆಲ್ಡಿಂಗ್ ಮಾಡಿದ ಹಡಗು ಅಖಂಡ ತಗಡಿನಂತೆ, ಬಿರುಕಿಗೆ ತಡೆಯೇ ಇಲ್ಲ. ಹೀಗಾಗಿ ವೆಲ್ಡಿಂಗ್ ಸಂಪೂರ್ಣ ನಿರಪರಾಧಿಯೂ ಅಲ್ಲ, ಪೂರ್ತಿ ಅಪರಾಧಿಯೂ ಅಲ್ಲ.

ಉಕ್ಕಿನ ತುಂಡಿನ ಎರಡೂ ಬದಿಗೆ ಕಚ್ಚು ಹಾಕಿ ಬೇರೆ ಬೇರೆ ಉಷ್ಣತೆಯಲ್ಲಿ ಎಳೆದು ನೋಡುವ ಪರೀಕ್ಷೆಗೆ ಆಕೆಯ ಹೆಸರೇ ಬಂತು. ಇಂದು ಶೀತ ಪ್ರದೇಶಗಳ ಅನಿಲ ಪೈಪ್‌ಲೈನ್‌ಗಳ ವಿಷಯದಲ್ಲೂ ಪ್ರಶ್ನೆ ಅದೇ. ಪೈಪಿನ ಉಕ್ಕನ್ನು, ವೆಲ್ಡಿಂಗ್‌ನ ಬಿಸಿಗೆ ಗುಣ ಬದಲಾದ ಅದರ ಪಕ್ಕದ ಪಟ್ಟಿಯನ್ನು, ತಣ್ಣಗಾಗಿಸಿ ಸುತ್ತಿಗೆಯಿಂದ ಹೊಡೆದು ಪರೀಕ್ಷಿಸಲಾಗುತ್ತದೆ. ಈ ವಿಧಾನ ಟಿಪ್ಪರ್ ಅವರದಲ್ಲ, ಫ್ರಾನ್ಸಿನ ಷಾರ್ಪಿ ಹೆಸರಿನದು.

1949ರಲ್ಲಿ ಆಕೆ ಕೇಂಬ್ರಿಜ್‌ನಲ್ಲಿ ರೀಡರ್ ಆದರು. ಎಂಜಿನಿಯರಿಂಗ್ ವಿಭಾಗದಲ್ಲಿ ಪೂರ್ಣಾವಧಿಯ ಅಧ್ಯಾಪಕಿಯಾಗಿದ್ದ ಏಕೈಕ ಮಹಿಳೆ ಆಗ ಅವರೇ. ಅಷ್ಟು ಹೊತ್ತಿಗೆ ವಯಸ್ಸು 55 ದಾಟಿತ್ತು. ತಡವಾದ ಮನ್ನಣೆ ಎನ್ನದೆ ವಿಧಿಯಿಲ್ಲ. 1960ರಲ್ಲಿ ನಿವೃತ್ತರಾಗಿ, ಎರಡು ವರ್ಷಗಳ ನಂತರ ಉಕ್ಕು ಒಡೆಯುವ ಈ ಕಥೆಯನ್ನೇ ಪುಸ್ತಕವಾಗಿ ಹೊರತಂದರು. ನೂರು ತುಂಬಿದಾಗ ನ್ಯೂನಮ್ ಕಾಲೇಜು ಅವರ ಗೌರವಾರ್ಥ ಗಿಡವೊಂದನ್ನು ನೆಟ್ಟಿತು. 1995ರ ಡಿಸೆಂಬರ್‌ನಲ್ಲಿ, 101ನೇ ವಯಸ್ಸಿನಲ್ಲಿ ಅವರು ನಿಧನರಾದರು.