ದೂರದೇಶದ ಕಾಯಕಜೀವಿ ಕಿಟ್ಟೆಲ್

ಧರ್ಮವಿಲ್ಲದೆ ಮನುಷ್ಯ ಒಳ್ಳೆಯವನಾಗಿ ಬಾಳಲಾರನೇ? ಕಳ್ಳತನ ಮಾಡದೆ, ಸುಳ್ಳಾಡದೆ, ಹಸಿದವರಿಗೆ ಅನ್ನವಿಕ್ಕಿ ಬದುಕಿದರೆ ಸಾಲದೇ? ವಿಭೂತಿ, ರುದ್ರಾಕ್ಷಿಗಳೇಕೆ ಬೇಕು? ಮಠಕ್ಕೆ ಬರುವ ಓದಿದ ತರುಣರು ಹೀಗೆ ಕೇಳುವುದುಂಟು. ಜೊತೆಗೆ ಬಂದ ಹಿರಿಯರಿಗೆ ಸಿಟ್ಟು ಬರುತ್ತದೆ. ಸಿಟ್ಟಾಗಬೇಕಾಗಿಲ್ಲ, ಇದು ಕೇಳತಕ್ಕ ಪ್ರಶ್ನೆಯೇ. ನಮ್ಮ ಮತದವರೂ ಅಲ್ಲದ, ನಮ್ಮ ನಾಡಿನಲ್ಲಿ ಹುಟ್ಟಿದವರೂ ಅಲ್ಲದ ಒಬ್ಬ ಸಾಧಕರ ಬಾಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಂದು ವಿಚಾರ ಮಾಡೋಣ.

ಬೆಂಗಳೂರಿನ ದಂಡುಪ್ರದೇಶದಲ್ಲಿ ಆಸ್ಟಿನ್ ಟೌನ್ ಎಂಬ ಬಡಾವಣೆಯಿದೆ. ಅದಕ್ಕೆ ಕಿಟ್ಟೆಲ್ ನಗರವೆಂದೂ ಹೆಸರು. ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಮೇಯೋ ಹಾಲ್ ಬಳಿ ಅದೇ ಕಿಟ್ಟೆಲ್ಲರ ಪ್ರತಿಮೆಯನ್ನು ಸ್ಥಾಪಿಸಲಾಗಿದೆ. 1809ರಲ್ಲಿ ಬ್ರಿಟಿಷರ ಸೈನ್ಯ ಬೀಡುಬಿಟ್ಟ ಮೇಲೆ ಬೆಳೆದ ಭಾಗವದು. ಶಿವಾಜಿನಗರ, ಹಲಸೂರುಗಳ ಬೀದಿಗಳಲ್ಲಿ ತಮಿಳು, ಉರ್ದು, ತೆಲುಗು, ಇಂಗ್ಲಿಷುಗಳ ನಡುವೆ ಕನ್ನಡವನ್ನು ಕಿವಿಗೊಟ್ಟು ಹುಡುಕಬೇಕು. ಅಂಥ ಸ್ಥಳದಲ್ಲಿ ಕನ್ನಡದ ಸೇವೆಗಾಗಿ ಈ ಗೌರವ ಪಡೆದವರು ಜರ್ಮನಿಯ ಒಬ್ಬ ಪಾದ್ರಿಗಳೆಂಬುದು ಮನನ ಮಾಡತಕ್ಕ ಸಂಗತಿ.

ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ ತಿಂಗಳಲ್ಲಿ, ಉತ್ತರ ಜರ್ಮನಿಯ ಕಡಲಸೀಮೆಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ. ತಂದೆಯವರೂ ಪಾದ್ರಿಗಳೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸಂಸ್ಥೆಯಲ್ಲಿ ತರಬೇತು ಪಡೆದು 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಕನ್ನಡ ನಾಡಿಗೆ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳು ಅವರ ಕರ್ಮಭೂಮಿಯಾದವು.

ಆ ಸಂಸ್ಥೆ 1834ರಲ್ಲೇ ಮಂಗಳೂರಿನಲ್ಲಿ ನೆಲೆಯೂರಿತ್ತು. ಮತಪ್ರಚಾರವೇ ಅದರ ಗುರಿಯೆಂಬುದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಅದರ ಜೊತೆಗೇ ಶಾಲೆಗಳು ಬಂದವು, ನೇಯ್ಗೆ ಬಂತು, ನಮ್ಮ ಹಳ್ಳಿಗಳ ಮನೆಗಳ ಮೇಲೆ ಇಂದಿಗೂ ಕಾಣುವ ಮಂಗಳೂರು ಹೆಂಚಿನ ಕಾರ್ಖಾನೆ 1865ರಲ್ಲಿ ಬಂತು. ಕನ್ನಡದ ಮೊದಲ ವೃತ್ತಪತ್ರಿಕೆ ಮಂಗಳೂರು ಸಮಾಚಾರವನ್ನು 1843ರಲ್ಲಿ ಆರಂಭಿಸಿದವರು ಅದೇ ಸಂಸ್ಥೆಯ ಮೋಗ್ಲಿಂಗ್ ಪಾದ್ರಿಗಳು. ತಾಳೆಗರಿಗಳಲ್ಲಿದ್ದ ಬಸವಪುರಾಣವನ್ನು ಕಲ್ಲಚ್ಚಿಗೆ ಏರಿಸಿದ ಕೀರ್ತಿಯೂ ಅವರದೇ.

ಕಿಟ್ಟೆಲ್ಲರು ಬಂದದ್ದು ಉಪದೇಶಕ್ಕೆ. ಆದರೆ ಜನರ ಮನಸ್ಸನ್ನು ಅರಿಯಬೇಕಾದರೆ ಅವರ ನುಡಿಯನ್ನು ಬೇರಿನಿಂದ ಅರಿಯಬೇಕೆಂದು ಅವರಿಗೆ ತೋರಿತು. ಹಳಗನ್ನಡ ಕಾವ್ಯಗಳನ್ನು ಓದಿದರು. ಸಂಸ್ಕೃತ, ತಮಿಳು, ತೆಲುಗು, ಮಲಯಾಳಗಳ ಜೊತೆ ಕನ್ನಡ ಪದಗಳನ್ನು ಹೋಲಿಸಿ ನೋಡಿದರು. ಇದು ಮಿಶನ್ನಿನ ಹಿರಿಯರಿಗೆ ಸರಿಬರಲಿಲ್ಲ. ಬೋಧನೆ ಮುಖ್ಯ, ಸಾಹಿತ್ಯ ಆಮೇಲಿನದು ಎಂಬುದು ಅವರ ನಿಲುವು. ಇನ್ನೊಂದು ಕಡೆ ಮನೆಯ ದುಃಖ. 1860ರಲ್ಲಿ ಕೈಹಿಡಿದ ಪತ್ನಿ ಪಾಲೀನರು 1864ರಲ್ಲಿ ತೀರಿಕೊಂಡರು. ಹೀಗೆ ತಮ್ಮವರ ಅಸಮಾಧಾನ ಒಂದು ಕಡೆ, ತಬ್ಬಲಿತನ ಇನ್ನೊಂದು ಕಡೆ ಇದ್ದಾಗಲೂ ಅವರು ಕೈಗೊಂಡ ಕೆಲಸವನ್ನು ಕೆಳಗಿಡಲಿಲ್ಲ.

1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಪ್ರಕಟಿಸಿದರು. 1877ರಲ್ಲಿ ಸ್ವದೇಶಕ್ಕೆ ಮರಳಿದರೂ ನಿಘಂಟಿನ ಕೆಲಸ ಅರ್ಧಕ್ಕೆ ನಿಂತಿತ್ತು. ಐವತ್ತು ದಾಟಿದ ವಯಸ್ಸಿನಲ್ಲಿ, 1883ರಲ್ಲಿ, ಸಂಸಾರವನ್ನು ಜರ್ಮನಿಯಲ್ಲಿ ಬಿಟ್ಟು ಒಬ್ಬರೇ ಮತ್ತೆ ಬಂದರು. ಕಣ್ಣು ಮಂಜಾದರೂ ದುಡಿದರು. 1894ರಲ್ಲಿ ಮಂಗಳೂರಿನಲ್ಲಿ ಆ ಮಹಾಗ್ರಂಥ ಅಚ್ಚಾಯಿತು. ಸುಮಾರು 70,000 ಪದಗಳು, 1,700ಕ್ಕೂ ಹೆಚ್ಚು ಪುಟಗಳು. ಅದರಲ್ಲಿ ರೈತರ ಮಾತಿದೆ, ಹಳ್ಳಿಯ ಗಾದೆಗಳಿವೆ, ಬಸವಪುರಾಣದಿಂದ ಆಯ್ದ ಪ್ರಯೋಗಗಳಿವೆ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿಯೇ ದೇಹಬಿಟ್ಟರು.

ಇಷ್ಟನ್ನು ಹೇಳಿ ಸುಮ್ಮನಾದರೆ ಸತ್ಯಕ್ಕೆ ಅಪಚಾರ. ಲಿಂಗಪೂಜೆಯ ಮೂಲವನ್ನು ಕುರಿತು ಅವರು ಜರ್ಮನ್ ಭಾಷೆಯಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು. ಅದು 1876ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದು ಹೊರಗೆ ನಿಂತು ನೋಡಿದ ವಿದ್ವಾಂಸನ ಬರಹ. ಅಂಗೈಯಲ್ಲಿ ಲಿಂಗವನ್ನಿಟ್ಟು ದೃಷ್ಟಿ ನೆಟ್ಟವನಿಗೆ ತಿಳಿಯುವುದು ಹೊರಗಿನವನಿಗೆ ತಿಳಿಯದು. ನಮ್ಮ ಜನರನ್ನು ತಮ್ಮ ಮತಕ್ಕೆ ತರಬೇಕೆಂದು ಅವರು ಬಂದದ್ದನ್ನೂ ನಾವು ಒಪ್ಪಲಾರೆವು. ಆದರೆ ಒಪ್ಪದಿರುವುದು ಬೇರೆ, ಉಪಕಾರವನ್ನು ಮರೆಯುವುದು ಬೇರೆ. ಕೃತಘ್ನತೆಗೆ ಯಾವ ಮತದಲ್ಲಿಯೂ ಪ್ರಾಯಶ್ಚಿತ್ತವಿಲ್ಲ.

ಈಗ ತರುಣರ ಪ್ರಶ್ನೆಗೆ ಬರೋಣ. ಕಿಟ್ಟೆಲ್ಲರಿಗೆ ಗುರುದೀಕ್ಷೆಯಿರಲಿಲ್ಲ, ಭಸ್ಮಧಾರಣೆಯಿರಲಿಲ್ಲ. ಆದರೂ ಅವರ ಬಾಳಿನಲ್ಲಿ ಕಾಯಕವಿತ್ತು, ದಾಸೋಹವಿತ್ತು. ಹೀಗಿರುವಾಗ ಒಳ್ಳೆಯತನ ನಮ್ಮ ಮತದ ಗುತ್ತಿಗೆಯೆಂದು ಹೇಳಲು ಯಾರಿಗೂ ಬಾಯಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ಮತವನ್ನೂ ಒಪ್ಪದವನು ನೆರೆಯವನ ಕಷ್ಟಕ್ಕೆ ಓಡಿಹೋದರೆ ಅವನೂ ಒಳ್ಳೆಯವನೇ. ಅದನ್ನು ಅಲ್ಲಗಳೆಯುವುದು ಅಸೂಯೆ.

ಹಾಗಾದರೆ ಧರ್ಮವೇಕೆ? ನಮ್ಮ ಪೂರ್ವಾಚಾರ್ಯರು ಪಂಚಾಚಾರಗಳನ್ನು ಹೇಳಿದಾಗ ಲಿಂಗಾಚಾರವನ್ನು ಬೇರೆಯಾಗಿ, ಸದಾಚಾರವನ್ನು ಬೇರೆಯಾಗಿ ಎಣಿಸಿದರು. ಲಿಂಗ ಕಟ್ಟಿದೊಡನೆ ನಡತೆ ತಾನಾಗಿ ಶುದ್ಧವಾಗುವಂತಿದ್ದರೆ ಸದಾಚಾರವನ್ನು ಪ್ರತ್ಯೇಕವಾಗಿ ಹೇಳಬೇಕಾಗಿರಲಿಲ್ಲ. ಲಿಂಗವಿದ್ದೂ ತೂಕದಲ್ಲಿ ಮೋಸ ಮಾಡುವವನಿಗೆ ಅದು ಎಚ್ಚರಿಕೆ. ಸದಾಚಾರವೊಂದೇ ಸಾಕಾಗಿದ್ದರೆ ಲಿಂಗಾಚಾರವನ್ನೂ, ಭೃತ್ಯಾಚಾರವನ್ನೂ ಹೇಳಬೇಕಾಗಿರಲಿಲ್ಲ. ಒಳ್ಳೆಯವನಿಗೆ ತಾನು ಒಳ್ಳೆಯವನೆಂಬ ಹಮ್ಮು ಬರುತ್ತದೆ. ಮೆಚ್ಚುವವರಿಲ್ಲದಾಗ ಬೇಸರ ಬರುತ್ತದೆ. ಹಮ್ಮನ್ನು ಇಳಿಸಿ ಸೇವಕಭಾವ ಕಲಿಸುವುದು ಭೃತ್ಯಾಚಾರ. ನೋಡುವವರಿಲ್ಲದ ಹೊತ್ತಿನಲ್ಲಿಯೂ ಶಿವನು ನೋಡುತ್ತಿರುವನೆಂಬ ನಂಬಿಕೆಯಿಂದ ಕೈಬಿಡದೆ ನಡೆಸುವುದು ಲಿಂಗಾಚಾರ. ಪರದೇಶದಲ್ಲಿ, ಪತ್ನಿಯನ್ನು ಕಳೆದುಕೊಂಡು, ಹಿರಿಯರ ಮೆಚ್ಚುಗೆಯೂ ಇಲ್ಲದೆ ಕಿಟ್ಟೆಲ್ಲರು ಒಂದೊಂದೇ ಪದವನ್ನು ಬರೆದಿಟ್ಟಾಗ ಅವರನ್ನು ಹಿಡಿದು ನಿಲ್ಲಿಸಿದ್ದು ಅವರವರ ದೇವರ ಮೇಲಿನ ನಂಬಿಕೆ ಮತ್ತು ಕನ್ನಡದ ಮೇಲಿನ ಪ್ರೀತಿ, ಎರಡೂ ಎಂದೇ ನಾವು ತಿಳಿದಿದ್ದೇವೆ.

ಒಳ್ಳೆಯತನ ಮಳೆಯ ನೀರಿನಂತೆ. ಯಾರ ಹೊಲದಲ್ಲಿಯೂ ಬೀಳುತ್ತದೆ. ಧರ್ಮ ಕೆರೆಯ ಏರಿಯಂತೆ. ಏರಿಯಿಲ್ಲದಿದ್ದರೂ ಮಳೆ ಬರುತ್ತದೆ, ಆದರೆ ಬೇಸಗೆಗೆ ನೀರುಳಿಯುವುದು ಕಷ್ಟ. ಏರಿ ಕಟ್ಟಿಯೂ ನೀರಿಲ್ಲದ ಕೆರೆಯಾದರೆ ಊರಿಗೇನು ಲಾಭ? ಸದ್ಭಕ್ತರು ತಮ್ಮ ಮಕ್ಕಳ ಪ್ರಶ್ನೆಗೆ ಗದರದೆ, ತಮ್ಮ ನಡತೆಯಿಂದಲೇ ಉತ್ತರ ಕೊಡಲಿ. ಬೆಂಗಳೂರಿಗೆ ಹೋದಾಗ ಮೇಯೋ ಹಾಲ್ ಬಳಿ ಆ ಹಿರಿಯ ಜೀವಕ್ಕೆ ಕೈಮುಗಿಯಲಿ. ಎಲ್ಲರಿಗೂ ಸನ್ಮಂಗಳವಾಗಲಿ.