ಜಾಕ್ ಸ್ಟೀನ್

ಜಾನ್ ಸ್ಟೀನ್ (ಅಕ್ಟೋಬರ್ 5, 1922 – ಸೆಪ್ಟೆಂಬರ್ 10, 1985) ಸ್ಕಾಟ್ಲೆಂಡಿನ ಪ್ರಸಿದ್ಧ ಫುಟ್ಬಾಲ್ ಆಟಗಾರ ಹಾಗೂ ತರಬೇತುದಾರ. ಜಾಕ್ ಸ್ಟೀನ್ ಎಂಬ ಹೆಸರಿನಿಂದಲೇ ಇವರು ಲೋಕಪರಿಚಿತರು. ಇವರ ನೇತೃತ್ವದಲ್ಲಿ ಗ್ಲಾಸ್ಗೋ ನಗರದ ಸೆಲ್ಟಿಕ್ ತಂಡವು 1967ರಲ್ಲಿ ಯುರೋಪಿಯನ್ ಕಪ್ ಗೆದ್ದಿತು. ಆ ಪ್ರಶಸ್ತಿಯನ್ನು ಪಡೆದ ಮೊದಲ ಬ್ರಿಟಿಷ್ ತಂಡ ಅದು. 1966ರಿಂದ 1974ರವರೆಗೆ ಸತತ ಒಂಬತ್ತು ಬಾರಿ ಸ್ಕಾಟಿಷ್ ಲೀಗ್ ಪ್ರಶಸ್ತಿಯೂ ಸೆಲ್ಟಿಕ್ ಪಾಲಾಯಿತು. ರೇಂಜರ್ಸ್ ತಂಡದ ಅಭಿಮಾನಿಗಳ ಕುಟುಂಬದಲ್ಲಿ, ಪ್ರಾಟೆಸ್ಟೆಂಟ್ ಪರಂಪರೆಯಲ್ಲಿ ಬೆಳೆದ ಸ್ಟೀನ್, ಕ್ಯಾಥೊಲಿಕ್ ಮೂಲದ ಸೆಲ್ಟಿಕ್ ತಂಡದ ಚುಕ್ಕಾಣಿ ಹಿಡಿದದ್ದು ಸ್ಕಾಟಿಷ್ ಫುಟ್ಬಾಲ್ ಇತಿಹಾಸದ ಮಹತ್ವದ ಘಟನೆಗಳಲ್ಲಿ ಒಂದು.

ಹಿನ್ನೆಲೆ: ಎರಡು ತಂಡಗಳ ವೈರ

ಸ್ಟೀನ್ ಅವರ ಬದುಕನ್ನು ಅರಿಯಲು ಗ್ಲಾಸ್ಗೋದ ಎರಡು ತಂಡಗಳ ನಡುವಿನ ಪೈಪೋಟಿಯನ್ನು ತಿಳಿಯುವುದು ಅಗತ್ಯ. ರೇಂಜರ್ಸ್ 1872ರಲ್ಲಿ ಸ್ಥಾಪನೆಯಾಯಿತು. ಸೆಲ್ಟಿಕ್ 1887ರಲ್ಲಿ ನಗರದ ಪೂರ್ವಭಾಗದ ಸೇಂಟ್ ಮೇರಿ ಚರ್ಚಿನ ಸಭಾಂಗಣದಲ್ಲಿ ಹುಟ್ಟಿಕೊಂಡಿತು. ಐರ್ಲೆಂಡಿನಿಂದ ವಲಸೆ ಬಂದ ಬಡ ಕ್ಯಾಥೊಲಿಕ್ ಕುಟುಂಬಗಳ ಮಕ್ಕಳಿಗೆ ಊಟ ಒದಗಿಸಲು ಹಣ ಸಂಗ್ರಹಿಸುವುದು ಅದರ ಸ್ಥಾಪಕರಾದ ಬ್ರದರ್ ವಾಲ್‌ಫ್ರಿಡ್ ಅವರ ಉದ್ದೇಶವಾಗಿತ್ತು. 1888ರ ಮೇ ತಿಂಗಳಲ್ಲಿ ಸೆಲ್ಟಿಕ್ ಆಡಿದ ಮೊದಲ ಪಂದ್ಯದ ಎದುರಾಳಿಯೂ ರೇಂಜರ್ಸ್ ಕಡೆಯ ತಂಡವೇ. ಸೆಲ್ಟಿಕ್ 5–2ರಿಂದ ಗೆದ್ದಿತು.

ಕಾಲಕ್ರಮದಲ್ಲಿ ಈ ಪೈಪೋಟಿಗೆ ಧರ್ಮ ಮತ್ತು ರಾಜಕೀಯದ ಬಣ್ಣ ಬಂದಿತು. ರೇಂಜರ್ಸ್ ಬೆಂಬಲಿಗರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು, ಬ್ರಿಟಿಷ್ ಒಕ್ಕೂಟದ ಪರವಾಗಿದ್ದವರು. ಸೆಲ್ಟಿಕ್ ಬೆಂಬಲಿಗರಲ್ಲಿ ಹೆಚ್ಚಿನವರು ಐರಿಷ್ ಮೂಲದ ಕ್ಯಾಥೊಲಿಕರು. ಎರಡು ತಂಡಗಳನ್ನು ಒಟ್ಟಾಗಿ 'ಓಲ್ಡ್ ಫರ್ಮ್' ಎಂದು ಕರೆಯುವ ರೂಢಿಯಿದೆ. ಇಪ್ಪತ್ತನೆಯ ಶತಮಾನದ ಬಹುಭಾಗ ರೇಂಜರ್ಸ್ ತಂಡವು ಕ್ಯಾಥೊಲಿಕ್ ಆಟಗಾರರನ್ನು ತಿಳಿದು ತಿಳಿದು ಸೇರಿಸಿಕೊಳ್ಳುತ್ತಿರಲಿಲ್ಲ. ಈ ಪದ್ಧತಿ ಬಹಿರಂಗವಾಗಿ ಮುರಿದುಬಿದ್ದದ್ದು 1989ರಲ್ಲಿ, ಮೋ ಜಾನ್‌ಸ್ಟನ್ ಸೇರ್ಪಡೆಯೊಂದಿಗೆ. ಸೆಲ್ಟಿಕ್ ಮೊದಲಿನಿಂದಲೂ ಎರಡೂ ಪಂಥಗಳ ಆಟಗಾರರನ್ನು ತೆಗೆದುಕೊಳ್ಳುತ್ತಿತ್ತು. ಆದರೆ ಸ್ಟೀನ್ ಅವರಿಗೆ ಮುಂಚಿನ ಅದರ ಮೂವರು ವ್ಯವಸ್ಥಾಪಕರೂ ಕ್ಯಾಥೊಲಿಕರೇ ಆಗಿದ್ದರು.

ಬಾಲ್ಯ ಮತ್ತು ಗಣಿ ಕೆಲಸ

ಸ್ಟೀನ್ ಹುಟ್ಟಿದ್ದು ಲ್ಯಾನರ್ಕ್‌ಶೈರ್ ಪ್ರಾಂತದ ಹ್ಯಾಮಿಲ್ಟನ್ ಪಟ್ಟಣಕ್ಕೆ ಸೇರಿದ ಬರ್ನ್‌ಬ್ಯಾಂಕ್ ಎಂಬಲ್ಲಿ. ತಂದೆ ಜಾರ್ಜ್ ಕಲ್ಲಿದ್ದಲು ಗಣಿ ಕಾರ್ಮಿಕರು ಮತ್ತು ರೇಂಜರ್ಸ್ ತಂಡದ ಕಟ್ಟಾ ಅಭಿಮಾನಿ. 1937ರಲ್ಲಿ ಶಾಲೆ ಬಿಟ್ಟ ಸ್ಟೀನ್ ಕೆಲಕಾಲ ರತ್ನಗಂಬಳಿ ಕಾರ್ಖಾನೆಯಲ್ಲಿ ದುಡಿದು, ಅನಂತರ ಗಣಿಗೆ ಇಳಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಣಿ ಕೆಲಸವು ಅತ್ಯಗತ್ಯ ಉದ್ಯೋಗವೆಂದು ಪರಿಗಣಿತವಾಗಿದ್ದುದರಿಂದ ಅವರು ಸೈನ್ಯಕ್ಕೆ ಸೇರಬೇಕಾಗಲಿಲ್ಲ. ನೆಲದಡಿಯ ಕತ್ತಲಲ್ಲಿ ಒಬ್ಬರ ಜೀವ ಇನ್ನೊಬ್ಬರ ಎಚ್ಚರವನ್ನು ನಂಬಿರುತ್ತದೆ. ಅಲ್ಲಿ ಜೊತೆಗಾರನ ಪಂಥ ಯಾವುದೆಂಬ ಪ್ರಶ್ನೆಗೆ ಬೆಲೆಯಿಲ್ಲ. ಅವರ ಮುಂದಿನ ನಿಲುವುಗಳಿಗೆ ಗಣಿಯ ಈ ಅನುಭವವೇ ಬುನಾದಿ ಎಂದು ಜೀವನಚರಿತ್ರೆಕಾರರು ಅಭಿಪ್ರಾಯಪಡುತ್ತಾರೆ.

ಆಟಗಾರನಾಗಿ

ಬ್ಲಾಂಟೈರ್ ವಿಕ್ಟೋರಿಯಾ ಎಂಬ ಸ್ಥಳೀಯ ತಂಡದಲ್ಲಿ ಆಡುತ್ತಿದ್ದ ಸ್ಟೀನ್ 1942ರಲ್ಲಿ ಕೋಟ್‌ಬ್ರಿಜ್ ಪಟ್ಟಣದ ಆಲ್ಬಿಯನ್ ರೋವರ್ಸ್ ತಂಡವನ್ನು ಸೇರಿದರು. ಅವರದು ರಕ್ಷಣಾ ವಿಭಾಗದ ನಡುವಿನ ಸ್ಥಾನ. ಎಂಟು ವರ್ಷಗಳ ಕಾಲ ವಾರವಿಡೀ ಗಣಿಯಲ್ಲಿ ದುಡಿದು ಶನಿವಾರ ಮೈದಾನಕ್ಕಿಳಿಯುವುದು ಅವರ ದಿನಚರಿಯಾಗಿತ್ತು. 1950ರಲ್ಲಿ ವೇಲ್ಸ್‌ನ ಲಾನೆಲ್ಲಿ ತಂಡಕ್ಕೆ ತೆರಳಿ ಮೊದಲ ಬಾರಿಗೆ ಪೂರ್ಣಾವಧಿ ಆಟಗಾರರಾದರು. ಆದರೆ ಹ್ಯಾಮಿಲ್ಟನ್‌ನಲ್ಲಿದ್ದ ಅವರ ಮನೆಯಲ್ಲಿ ಕಳ್ಳತನ ನಡೆದುದರಿಂದ ಊರಿಗೆ ಮರಳುವ ಯೋಚನೆ ಬಲವಾಯಿತು.

ಆ ಹೊತ್ತಿಗೆ ಸರಿಯಾಗಿ, 1951ರ ಡಿಸೆಂಬರ್‌ನಲ್ಲಿ, ಸೆಲ್ಟಿಕ್ ತಂಡವು 1,200 ಪೌಂಡುಗಳಿಗೆ ಅವರನ್ನು ಕರೆಸಿಕೊಂಡಿತು. ಮೀಸಲು ತಂಡದ ತರಬೇತುದಾರ ಜಿಮ್ಮಿ ಗ್ರಿಬೆನ್ ಈ ಹೆಸರನ್ನು ಸೂಚಿಸಿದ್ದರು. ಎಳೆಯ ಆಟಗಾರರಿಗೆ ಮಾರ್ಗದರ್ಶನ ಮಾಡಲೆಂದು ತಂದ 29 ವರ್ಷದ ಸ್ಟೀನ್, ಇತರರು ಗಾಯಗೊಂಡ ಕಾರಣ ಮುಖ್ಯ ತಂಡಕ್ಕೆ ಬಂದು ಅಲ್ಲಿಯೇ ಉಳಿದರು. ನಾಯಕ ಷಾನ್ ಫಾಲನ್ ತೋಳು ಮುರಿದುಕೊಂಡಾಗ ನಾಯಕತ್ವವೂ ಅವರ ಹೆಗಲೇರಿತು.

ಈ ಸೇರ್ಪಡೆಗೆ ತೆತ್ತ ಬೆಲೆ ಸಣ್ಣದಲ್ಲ. ಬರ್ನ್‌ಬ್ಯಾಂಕ್‌ನ ಕೆಲವು ಹಳೆಯ ಗೆಳೆಯರು ಅವರೊಡನೆ ಮಾತು ಬಿಟ್ಟರು. ಮಗ ರೇಂಜರ್ಸ್ ವಿರುದ್ಧ ಆಡುವಾಗ ಅವನ ಗೆಲುವನ್ನು ಹಾರೈಸುವುದು ತಂದೆಗೆ ಕಷ್ಟವಾಗುತ್ತಿತ್ತು.

ಅವರು ಸೇರಿದ ಕೆಲವೇ ವಾರಗಳಲ್ಲಿ, 1952ರ ಹೊಸವರ್ಷದ ಓಲ್ಡ್ ಫರ್ಮ್ ಪಂದ್ಯದಲ್ಲಿ ಪ್ರೇಕ್ಷಕರ ಗಲಭೆ ನಡೆಯಿತು. ಬಳಿಕ ಸೆಲ್ಟಿಕ್ ಮೈದಾನದ ಮೇಲೆ ಹಾರುತ್ತಿದ್ದ ಐರ್ಲೆಂಡಿನ ಧ್ವಜವನ್ನು ಇಳಿಸಬೇಕೆಂದು ಸ್ಕಾಟಿಷ್ ಫುಟ್ಬಾಲ್ ಸಂಸ್ಥೆ ಸೂಚಿಸಿತು. ಸೆಲ್ಟಿಕ್ ಅಧ್ಯಕ್ಷ ರಾಬರ್ಟ್ ಕೆಲ್ಲಿ ಇದನ್ನು ಒಪ್ಪಲಿಲ್ಲ. ಈ ವಿವಾದದಲ್ಲಿ ರೇಂಜರ್ಸ್ ಆಡಳಿತವು ಸೆಲ್ಟಿಕ್ ಪಕ್ಷ ವಹಿಸಿತು. ಅಭಿಮಾನಿಗಳ ನಡುವೆ ಎಷ್ಟೇ ವೈರವಿದ್ದರೂ ಎರಡು ತಂಡಗಳ ಹಿತ ಒಂದಕ್ಕೊಂದು ಹೆಣೆದುಕೊಂಡಿತ್ತು ಎಂಬುದಕ್ಕೆ ಇದು ನಿದರ್ಶನ. ಕೊನೆಗೆ ಧ್ವಜ ಉಳಿಯಿತು.

ಸ್ಟೀನ್ ನಾಯಕತ್ವದಲ್ಲಿ ಸೆಲ್ಟಿಕ್ 1953ರ ಕಾರೊನೇಷನ್ ಕಪ್ ಪಂದ್ಯಾವಳಿಯಲ್ಲಿ ಆರ್ಸೆನಲ್, ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಹಿಬರ್ನಿಯನ್ ತಂಡಗಳನ್ನು ಸೋಲಿಸಿತು. 1953–54ರಲ್ಲಿ ಲೀಗ್ ಹಾಗೂ ಸ್ಕಾಟಿಷ್ ಕಪ್ ಎರಡನ್ನೂ ಗೆದ್ದಿತು. ಇಂತಹ ಜೋಡಿ ಗೆಲುವು 1914ರ ನಂತರ ಅದೇ ಮೊದಲು. 1955ರಲ್ಲಿ ರೇಂಜರ್ಸ್ ವಿರುದ್ಧದ ಪಂದ್ಯದಲ್ಲಿ ಪಾದದ ಕೀಲಿಗೆ ಆದ ಗಾಯ ವಾಸಿಯಾಗದೆ, 1957ರಲ್ಲಿ ಅವರು ನಿವೃತ್ತರಾದರು. ಕುಂಟುನಡೆ ಕೊನೆಯವರೆಗೂ ಉಳಿಯಿತು.

ತರಬೇತುದಾರನಾಗಿ

ನಿವೃತ್ತಿಯ ಬಳಿಕ ಸ್ಟೀನ್ ಸೆಲ್ಟಿಕ್ ಮೀಸಲು ತಂಡವನ್ನು ತರಬೇತುಗೊಳಿಸಿದರು. ಬಿಲ್ಲಿ ಮೆಕ್‌ನೀಲ್ ಮುಂತಾದ ಯುವಕರು ಅವರ ಕೈಯಲ್ಲೇ ಪಳಗಿದರು. ಆದರೆ ಪ್ರಾಟೆಸ್ಟೆಂಟ್ ಆದ ತಮಗೆ ಇಲ್ಲಿ ಮೇಲಿನ ಹುದ್ದೆ ದೊರೆಯಲಾರದೆಂಬ ಭಾವನೆ ಅವರಲ್ಲಿತ್ತು ಎಂದು ಹಲವು ಚರಿತ್ರಕಾರರು ಬರೆದಿದ್ದಾರೆ. 1960ರ ಮಾರ್ಚ್‌ನಲ್ಲಿ ಅವರು ಡನ್‌ಫರ್ಮ್‌ಲಿನ್ ತಂಡದ ವ್ಯವಸ್ಥಾಪಕರಾದರು. ಕೆಳದರ್ಜೆಗೆ ಜಾರುವ ಅಂಚಿನಲ್ಲಿದ್ದ ಆ ತಂಡವನ್ನು ಉಳಿಸಿದ್ದಲ್ಲದೆ, 1961ರ ಸ್ಕಾಟಿಷ್ ಕಪ್ ಅಂತಿಮ ಪಂದ್ಯದಲ್ಲಿ ಸೆಲ್ಟಿಕ್ ತಂಡವನ್ನೇ ಮರುಪಂದ್ಯದಲ್ಲಿ 2–0ರಿಂದ ಮಣಿಸಿದರು. 1964ರಲ್ಲಿ ಎಡಿನ್‌ಬರೋದ ಹಿಬರ್ನಿಯನ್ ತಂಡದ ಹೊಣೆ ಹೊತ್ತರು.

1965ರ ಮಾರ್ಚ್‌ನಲ್ಲಿ ಸ್ಟೀನ್ ಸೆಲ್ಟಿಕ್‌ಗೆ ಮರಳಿದರು. ಷಾನ್ ಫಾಲನ್ ಅವರೊಡನೆ ಅಧಿಕಾರ ಹಂಚಿಕೊಳ್ಳಬೇಕೆಂಬ ಕೆಲ್ಲಿಯವರ ಸಲಹೆಯನ್ನು ತಿರಸ್ಕರಿಸಿ, ತಂಡದ ಆಯ್ಕೆಯಲ್ಲಿ ಪೂರ್ಣಾಧಿಕಾರ ಪಡೆದರು. ಅಲ್ಲಿಯವರೆಗೆ ಆಯ್ಕೆಯಲ್ಲಿ ಅಧ್ಯಕ್ಷರ ಮಾತೇ ನಡೆಯುತ್ತಿತ್ತು. ಏಪ್ರಿಲ್ 24ರಂದು ಸೆಲ್ಟಿಕ್ ತಂಡವು ಡನ್‌ಫರ್ಮ್‌ಲಿನ್ ತಂಡವನ್ನು 3–2ರಿಂದ ಸೋಲಿಸಿ ಸ್ಕಾಟಿಷ್ ಕಪ್ ಗೆದ್ದಿತು. ನಿರ್ಣಾಯಕ ಗೋಲು ಮೆಕ್‌ನೀಲ್ ಅವರದು.

1967ರ ವರ್ಷ

1966–67ರ ಋತುವಿನಲ್ಲಿ ಸೆಲ್ಟಿಕ್ ತಾನು ಸ್ಪರ್ಧಿಸಿದ ಎಲ್ಲ ಪ್ರಶಸ್ತಿಗಳನ್ನೂ ಗೆದ್ದಿತು. ಲೀಗ್ ಪ್ರಶಸ್ತಿ ಖಚಿತವಾದದ್ದು ರೇಂಜರ್ಸ್‌ನ ಐಬ್ರಾಕ್ಸ್ ಮೈದಾನದಲ್ಲಿ, ಮೇ 6ರಂದು ನಡೆದ 2–2ರ ಸಮಬಲದ ಪಂದ್ಯದಿಂದ. ಮೇ 25ರಂದು ಪೋರ್ಚುಗಲ್‌ನ ಲಿಸ್ಬನ್ ಬಳಿ ಇಟಲಿಯ ಇಂಟರ್ ಮಿಲಾನ್ ವಿರುದ್ಧ ಯುರೋಪಿಯನ್ ಕಪ್ ಅಂತಿಮ ಪಂದ್ಯ ನಡೆಯಿತು. ಹೆಲೆನಿಯೊ ಹೆರೇರಾ ಅವರ ತರಬೇತಿಯ ಇಂಟರ್, ಆರಂಭದಲ್ಲೇ ಪೆನಾಲ್ಟಿಯಿಂದ ಮುನ್ನಡೆ ಪಡೆದು ರಕ್ಷಣೆಗೆ ಇಳಿಯಿತು. ಎಡೆಬಿಡದೆ ಆಕ್ರಮಣ ನಡೆಸಿದ ಸೆಲ್ಟಿಕ್, ಟಾಮಿ ಜೆಮ್ಮೆಲ್ ಮತ್ತು ಸ್ಟೀವಿ ಚಾಮರ್ಸ್ ಗೋಲುಗಳಿಂದ 2–1ರಲ್ಲಿ ಗೆದ್ದಿತು. ಆಡಿದ ಹನ್ನೊಂದು ಮಂದಿಯೂ ಸೆಲ್ಟಿಕ್ ಮೈದಾನದಿಂದ ಸುಮಾರು 30 ಮೈಲಿಗಳೊಳಗೆ ಹುಟ್ಟಿದವರು. 'ಲಿಸ್ಬನ್ ಸಿಂಹಗಳು' ಎಂದು ಖ್ಯಾತರಾದ ಇವರಲ್ಲಿ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಇದ್ದರು.

ಅದಾದ ಆರು ದಿನಗಳಿಗೆ ರೇಂಜರ್ಸ್ ತಂಡವು ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಅಂತಿಮ ಪಂದ್ಯದಲ್ಲಿ ಬೇಯರ್ನ್ ಮ್ಯೂನಿಕ್ ಎದುರು 1–0ರಿಂದ ಸೋತಿತು. ಒಂದೇ ನಗರದ ಎರಡು ತಂಡಗಳು ಒಂದೇ ವಾರದೊಳಗೆ ಯುರೋಪಿನ ಎರಡು ಅಂತಿಮ ಪಂದ್ಯಗಳನ್ನು ಆಡಿದ್ದವು. ಸೆಲ್ಟಿಕ್ 1970ರಲ್ಲಿ ಮತ್ತೊಮ್ಮೆ ಯುರೋಪಿಯನ್ ಕಪ್ ಅಂತಿಮ ಪಂದ್ಯ ತಲುಪಿ ಫೆಯನೂರ್ಡ್ ತಂಡಕ್ಕೆ 2–1ರಿಂದ ಸೋತಿತು.

ಪಂಥಭೇದದ ಕುರಿತ ನಿಲುವು

ಆಟಗಾರನ ಆಯ್ಕೆಯಲ್ಲಿ ಸ್ಟೀನ್ ಪಂಥವನ್ನು ನೋಡುತ್ತಿರಲಿಲ್ಲ. ಸಮಾನ ಪ್ರತಿಭೆಯ ಇಬ್ಬರು ಹುಡುಗರು ಸಿಕ್ಕರೆ ಪ್ರಾಟೆಸ್ಟೆಂಟ್ ಹುಡುಗನನ್ನೇ ಮೊದಲು ಆರಿಸುತ್ತೇನೆ, ಏಕೆಂದರೆ ಕ್ಯಾಥೊಲಿಕ್ ಹುಡುಗನನ್ನು ರೇಂಜರ್ಸ್ ಹೇಗೂ ತೆಗೆದುಕೊಳ್ಳುವುದಿಲ್ಲ ಎಂದು ಅವರು ಹೇಳುತ್ತಿದ್ದರೆಂಬ ಮಾತು ಪ್ರಚಲಿತವಾಗಿದೆ. ಎದುರಾಳಿಯ ಪೂರ್ವಗ್ರಹವನ್ನೇ ತಮ್ಮ ತಂಡದ ಲಾಭವಾಗಿಸಿಕೊಂಡ ಜಾಣ್ಮೆ ಇದರಲ್ಲಿದೆ. ರೇಂಜರ್ಸ್ ಅಭಿಮಾನಿಯಾಗಿ ಬೆಳೆದ ಕೆನ್ನಿ ಡಾಲ್ಗ್ಲಿಷ್ ಸೆಲ್ಟಿಕ್ ಸೇರಿದ್ದು ಇವರ ಕಾಲದಲ್ಲೇ. ಹಿಂದೆ ರೇಂಜರ್ಸ್ ಪರ ಆಡಿದ್ದ ಆಲ್ಫೀ ಕಾನ್ ಅವರನ್ನು 1977ರಲ್ಲಿ ಸ್ಟೀನ್ ಸೆಲ್ಟಿಕ್‌ಗೆ ಕರೆತಂದಾಗ ಎರಡೂ ಕಡೆಯ ಅಭಿಮಾನಿಗಳು ಬೆರಗಾದರು.

ಸ್ವಪಕ್ಷದ ಅಭಿಮಾನಿಗಳನ್ನು ತಿದ್ದಲು ಕೂಡ ಅವರು ಹಿಂಜರಿಯಲಿಲ್ಲ. 1972ರಲ್ಲಿ ಸ್ಟರ್ಲಿಂಗ್ ಪಟ್ಟಣದ ಪಂದ್ಯವೊಂದರಲ್ಲಿ ಸೆಲ್ಟಿಕ್ ಬೆಂಬಲಿಗರು ಐರಿಷ್ ಸಶಸ್ತ್ರ ಹೋರಾಟವನ್ನು ಹೊಗಳುವ ಹಾಡುಗಳನ್ನು ಹಾಡತೊಡಗಿದಾಗ, ಸ್ಟೀನ್ ನೇರವಾಗಿ ಗುಂಪಿನೊಳಗೆ ನುಗ್ಗಿ ಅವರನ್ನು ಗದರಿಸಿದರು. ಆಗ ಉತ್ತರ ಐರ್ಲೆಂಡಿನಲ್ಲಿ ಹಿಂಸಾಚಾರ ತಾರಕಕ್ಕೇರಿತ್ತು.

ಐಬ್ರಾಕ್ಸ್ ದುರಂತ

1971ರ ಜನವರಿ 2ರಂದು ಐಬ್ರಾಕ್ಸ್‌ನಲ್ಲಿ ನಡೆದ ಓಲ್ಡ್ ಫರ್ಮ್ ಪಂದ್ಯ 1–1ರಲ್ಲಿ ಮುಗಿಯಿತು. ಕೊನೆಯ ನಿಮಿಷಗಳಲ್ಲಿ ಸೆಲ್ಟಿಕ್‌ನ ಜಿಮ್ಮಿ ಜಾನ್‌ಸ್ಟೋನ್ ಗೋಲು ಹೊಡೆದರೆ, ರೇಂಜರ್ಸ್‌ನ ಕಾಲಿನ್ ಸ್ಟೀನ್ (ಜಾಕ್ ಸ್ಟೀನ್ ಅವರ ಸಂಬಂಧಿಯಲ್ಲ) ಅದನ್ನು ಸರಿಗಟ್ಟಿದರು. ಜನ ಹೊರಹೋಗುವಾಗ 13ನೆಯ ಮೆಟ್ಟಿಲಸಾಲಿನಲ್ಲಿ ನೂಕುನುಗ್ಗಲಾಗಿ 66 ಮಂದಿ ಅಸುನೀಗಿದರು. ಗೋಲಿನ ಸದ್ದು ಕೇಳಿ ಹಿಂತಿರುಗಿದವರಿಂದ ಅವಘಡವಾಯಿತೆಂಬ ಸುದ್ದಿ ಮೊದಲು ಹರಡಿತಾದರೂ ವಿಚಾರಣೆಯು ಅದನ್ನು ತಳ್ಳಿಹಾಕಿತು. ಎಲ್ಲರೂ ಒಂದೇ ದಿಕ್ಕಿನಲ್ಲಿ ಇಳಿಯುತ್ತಿದ್ದರು. ಸ್ಟೀನ್ ಮೈದಾನದಲ್ಲಿಯೇ ಉಳಿದು ಗಾಯಾಳುಗಳ ನೆರವಿಗೆ ನಿಂತರು. ಇಂತಹ ದುರಂತದ ಮುಂದೆ ಪಂಥದ ಹಗೆತನ ಅರ್ಥಹೀನವೆಂದೂ, ಇದು ಅದನ್ನು ಕೊನೆಗಾಣಿಸಲಿ ಎಂದೂ ಅವರು ಆಶಿಸಿದರು. ಅದೇ ತಿಂಗಳು ಹ್ಯಾಂಪ್ಡನ್ ಪಾರ್ಕಿನಲ್ಲಿ ರೇಂಜರ್ಸ್ ಮತ್ತು ಸೆಲ್ಟಿಕ್ ಆಟಗಾರರು ಒಂದೇ ತಂಡವಾಗಿ ಸ್ಕಾಟ್ಲೆಂಡ್ ತಂಡದೆದುರು ಸಹಾಯಾರ್ಥ ಪಂದ್ಯವಾಡಿದರು. ಆದರೆ ಹಗೆತನ ಕೊನೆಗಾಣಲಿಲ್ಲ. 1980ರ ಸ್ಕಾಟಿಷ್ ಕಪ್ ಅಂತಿಮ ಪಂದ್ಯದ ಬಳಿಕ ಎರಡು ಗುಂಪುಗಳು ಮೈದಾನದಲ್ಲೇ ಹೊಡೆದಾಡಿದವು.

ಕೊನೆಯ ವರ್ಷಗಳು

1975ರ ಜುಲೈನಲ್ಲಿ ಸಂಭವಿಸಿದ ಕಾರು ಅಪಘಾತದಲ್ಲಿ ಸ್ಟೀನ್ ತೀವ್ರವಾಗಿ ಗಾಯಗೊಂಡರು. ಒಂದು ಋತುವಿನ ಮಟ್ಟಿಗೆ ಫಾಲನ್ ತಂಡವನ್ನು ನಡೆಸಿದರು. 1977ರಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದರೂ, 1978ರಲ್ಲಿ ಅವರು ಸೆಲ್ಟಿಕ್ ತೊರೆಯಬೇಕಾಯಿತು. ಅವರ ಸ್ಥಾನಕ್ಕೆ ಮೆಕ್‌ನೀಲ್ ಬಂದರು. ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್‌ನಲ್ಲಿ ಕೆಲವೇ ವಾರ ಕಳೆದ ಸ್ಟೀನ್, ಅದೇ ವರ್ಷ ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡದ ವ್ಯವಸ್ಥಾಪಕರಾದರು. 1982ರ ವಿಶ್ವಕಪ್‌ಗೆ ತಂಡ ಅರ್ಹತೆ ಪಡೆಯಿತು. ಈಗ ಎರಡೂ ತಂಡಗಳ ಅಭಿಮಾನಿಗಳು ಅವರ ಗೆಲುವನ್ನೇ ಬಯಸುವಂತಾಯಿತು.

1985ರ ಸೆಪ್ಟೆಂಬರ್ 10ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ ನಡೆಯಿತು. 1–0ರಿಂದ ಹಿಂದಿದ್ದ ಸ್ಕಾಟ್ಲೆಂಡಿಗೆ ಕೊನೆಯ ಹತ್ತು ನಿಮಿಷಗಳಲ್ಲಿ ಪೆನಾಲ್ಟಿ ದೊರೆತು, ರೇಂಜರ್ಸ್ ಆಟಗಾರ ಡೇವಿ ಕೂಪರ್ ಅದನ್ನು ಗೋಲಾಗಿಸಿದರು. ಪಂದ್ಯ ಮುಗಿಯುವ ಹೊತ್ತಿಗೆ ಸ್ಟೀನ್ ಕುಸಿದುಬಿದ್ದು, ಕ್ರೀಡಾಂಗಣದ ವೈದ್ಯಕೀಯ ಕೊಠಡಿಯಲ್ಲಿ ನಿಧನರಾದರು. ಆಗ ಅವರಿಗೆ 62 ವರ್ಷ. ಸಹಾಯಕರಾಗಿದ್ದ ಅಲೆಕ್ಸ್ ಫರ್ಗುಸನ್ ತಂಡದ ಹೊಣೆ ಹೊತ್ತು ಅದನ್ನು 1986ರ ವಿಶ್ವಕಪ್‌ಗೆ ಕರೆದೊಯ್ದರು.

ಮೌಲ್ಯಮಾಪನ

ಸ್ಕಾಟ್ಲೆಂಡಿನ ಶ್ರೇಷ್ಠ ವ್ಯವಸ್ಥಾಪಕ ಯಾರೆಂಬ ಚರ್ಚೆ ಅಭಿಮಾನಿಗಳಲ್ಲಿ ಇಂದಿಗೂ ಮುಗಿದಿಲ್ಲ. ರೇಂಜರ್ಸ್ ಬೆಂಬಲಿಗರು 18 ಲೀಗ್ ಪ್ರಶಸ್ತಿ ಗೆದ್ದ ಬಿಲ್ ಸ್ಟ್ರೂತ್ ಅವರ ಹೆಸರನ್ನು ಮುಂದಿಡುತ್ತಾರೆ. ಸೆಲ್ಟಿಕ್ ಬೆಂಬಲಿಗರು ಸ್ಟೀನ್ ಅವರ 10 ಲೀಗ್, 8 ಸ್ಕಾಟಿಷ್ ಕಪ್, 6 ಲೀಗ್ ಕಪ್ ಹಾಗೂ ಒಂದು ಯುರೋಪಿಯನ್ ಕಪ್ ಪ್ರಶಸ್ತಿಗಳನ್ನು ಎಣಿಸುತ್ತಾರೆ. ಸ್ಟೀನ್ ಅವರ ಒಂಬತ್ತು ಸತತ ಲೀಗ್ ಗೆಲುವುಗಳ ದಾಖಲೆಯನ್ನು ರೇಂಜರ್ಸ್ 1997ರಲ್ಲಿ ಸರಿಗಟ್ಟಿದಾಗ ಈ ವಾದ ಮತ್ತಷ್ಟು ಬಿಸಿಯೇರಿತು.

1970ರಲ್ಲಿ ಸ್ಟೀನ್ ಅವರಿಗೆ ಬ್ರಿಟಿಷ್ ಸರ್ಕಾರದ ಸಿಬಿಇ ಗೌರವ ಸಂದಿತು. ಸೆಲ್ಟಿಕ್ ಮೈದಾನದ ಒಂದು ಪ್ರೇಕ್ಷಕರ ಅಂಕಣಕ್ಕೆ ಅವರ ಹೆಸರಿಡಲಾಗಿದೆ. 2011ರಲ್ಲಿ ಯುರೋಪಿಯನ್ ಕಪ್ ಹಿಡಿದು ನಿಂತ ಅವರ ಪ್ರತಿಮೆಯನ್ನು ಅದೇ ಮೈದಾನದ ಹೊರಗೆ ಸ್ಥಾಪಿಸಲಾಯಿತು.