ಫಿಲಿಪ್ ನಿಕೊಲಾಯಿ ಬೋಧಕರ ಚರಿತ್ರೆ

ನಮ್ಮ ಸಭೆಯವರಲ್ಲಿ ಒಬ್ಬರು ಕರ್ತನಲ್ಲಿ ನಿದ್ರೆಹೋದರೆ ನೆರೆಹೊರೆಯ ಸಹೋದರ ಸಹೋದರಿಯರು ಆ ಮನೆಯಲ್ಲಿ ಕೂಡಿಬಂದು ಗೀತಗಳನ್ನು ಹಾಡುತ್ತಾರೆ. ಶವವನ್ನು ಹೊತ್ತುಕೊಂಡು ಹೋಗುವ ದಾರಿಯಲ್ಲಿಯೂ ಸಮಾಧಿಯ ಬಳಿಯಲ್ಲಿಯೂ ಹಾಡುತ್ತಾರೆ. ಹೀಗೆ ಹಾಡುವುದಕ್ಕೆ ಜನರಿರುವುದು ಎಷ್ಟು ದೊಡ್ಡ ಉಪಕಾರವೆಂದು ನಾವು ಎಣಿಸಿ ನೋಡುವುದು ಅಪರೂಪ. ಒಂದೇ ದಿನದಲ್ಲಿ ಮೂವತ್ತು ಶವಗಳನ್ನು ಹೂಣಿಡಬೇಕಾಗಿ ಬಂದ ಊರಿನಲ್ಲಿ ಯಾರು ಯಾರಿಗಾಗಿ ಹಾಡುವರು? ಅಂಥಾ ಒಂದು ಊರಿನಲ್ಲಿ ಬೋಧಕರಾಗಿದ್ದ ಫಿಲಿಪ್ ನಿಕೊಲಾಯಿ ಎಂಬವರ ಚರಿತ್ರೆಯನ್ನು ಪ್ರಿಯ ವಾಚಕರ ಮುಂದೆ ಇಡುತ್ತೇವೆ.

ಇವರು 1556ನೇ ಇಸವಿ ಆಗಸ್ಟ್ 10ನೇ ತಾರೀಖಿನಲ್ಲಿ ಜರ್ಮನಿ ದೇಶದ ವಾಲ್ಡೆಕ್ ಸೀಮೆಯ ಮೆಂಗರಿಂಗ್‌ಹೌಸನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆಯೂ ಬೋಧಕರೇ. ಮಗನು ಎರ್ಫುರ್ಟಿನಲ್ಲಿಯೂ, ಅನಂತರ ಲೂಥರರು ಬೋಧಿಸಿದ್ದ ವಿಟ್ಟೆನ್‌ಬೆರ್ಗಿನಲ್ಲಿಯೂ ದೇವಶಾಸ್ತ್ರವನ್ನು ಕಲಿತು, 1583ರಲ್ಲಿ ಹೆರ್ಡೆಕೆ ಎಂಬ ಊರಿನ ಸಭೆಗೆ ಬೋಧಕರಾಗಿ ನೇಮಿಸಲ್ಪಟ್ಟರು. ಮೂರು ವರುಷ ಕಳೆಯುವಷ್ಟರಲ್ಲಿ ಸ್ಪೇನಿನ ದಂಡು ಆ ಸೀಮೆಗೆ ನುಗ್ಗಿ ರೋಮನ್ ಪೂಜೆಯನ್ನು ತಿರಿಗಿ ಸ್ಥಾಪಿಸಿದ್ದರಿಂದ ಅವರು ಊರು ಬಿಟ್ಟು ಹೋಗಬೇಕಾಯಿತು. ಸ್ವಲ್ಪ ಕಾಲ ಕೊಲೋನ್ ಪಟ್ಟಣದಲ್ಲಿ, ಬಹಿರಂಗವಾಗಿ ಕೂಡಿಬರಲಾರದೆ ಮನೆಗಳಲ್ಲಿ ಗುಪ್ತವಾಗಿ ಕೂಡುತ್ತಿದ್ದ ಸಭೆಗೆ ಸೇವೆಮಾಡಿದರು. 1588ರಲ್ಲಿ ಸ್ವಂತ ಸೀಮೆಯಾದ ವಾಲ್ಡೆಕ್ಕಿಗೆ ಮರಳಿದರು. ಅಲ್ಲಿ ರಾಜಗೃಹದ ಬೋಧಕರಾಗಿದ್ದು, ಬಾಲಕನಾಗಿದ್ದ ಪ್ರಭು ವಿಲ್‌ಹೆಲ್ಮ್ ಎರ್ನ್‌ಸ್ಟನಿಗೆ ಗುರುವಾದರು. ಈ ಬಾಲಕನ ಹೆಸರನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

1596ರಲ್ಲಿ ನಿಕೊಲಾಯಿಯವರು ವೆಸ್ಟ್‌ಫಾಲಿಯ ಸೀಮೆಯ ಊನ್ನ ಪಟ್ಟಣಕ್ಕೆ ಬೋಧಕರಾಗಿ ಬಂದರು. ಆಗ ಆ ಊರಿನ ಜನರು ರಾತ್ರಿಭೋಜನದ ಉಪದೇಶದ ವಿಷಯವಾಗಿ ಎರಡು ಪಕ್ಷವಾಗಿದ್ದರು. ಕೆಲವರು ಲೂಥರರ ಪಕ್ಷ, ಕೆಲವರು ಕಲ್ವಿನರ ಪಕ್ಷ. ಹೊಸ ಬೋಧಕರು ಲೂಥರರ ಪಕ್ಷವನ್ನು ಹಿಡಿದು ಬಹು ಕಠಿಣವಾಗಿ ವಾದಿಸುವವರಾಗಿದ್ದರು. ಎದುರು ಪಕ್ಷದವರ ಮೇಲೆ ಅವರು ಬರೆದ ಪುಸ್ತಕಗಳಲ್ಲಿ ಪ್ರೀತಿಯ ಮಾತು ಕಡಿಮೆ. ಇದನ್ನು ಮರೆಮಾಡುವುದು ಸತ್ಯವಲ್ಲ. ಭಕ್ತರ ಚರಿತ್ರೆಯನ್ನು ಬರೆಯುವವರು ಅವರ ಕೊರತೆಗಳನ್ನೆಲ್ಲಾ ತೊಳೆದುಬಿಟ್ಟರೆ, ಓದುವ ನಮ್ಮಂಥವರಿಗೆ ಅದರಿಂದ ಸಹಾಯವಾಗುವುದಿಲ್ಲ.

ಹೀಗಿರುವಲ್ಲಿ 1597ನೇ ಇಸವಿಯ ಬೇಸಗೆಯಲ್ಲಿ ಮಹಾಮಾರಿಯು ಊರೊಳಗೆ ಬಂದಿತು. ಇದು ನಮ್ಮ ಹುಬ್ಬಳ್ಳಿ ಸೀಮೆಯಲ್ಲಿ 1898ರಲ್ಲಿ ಅನೇಕ ಮನೆಗಳನ್ನು ಬರಿದುಮಾಡಿದ ಪ್ಲೇಗೆಂಬ ರೋಗವೇ. ಇಲಿಗಳ ಮೇಲಿನ ಚಿಗಟಗಳಿಂದ ಅದು ಮನುಷ್ಯರಿಗೆ ಹತ್ತುತ್ತದೆಂದು ಈಗ ಮಕ್ಕಳೂ ಶಾಲೆಯಲ್ಲಿ ಕಲಿಯುತ್ತಾರೆ. ಆ ಕಾಲದವರಿಗಾದರೋ ಅದು ತಿಳಿಯದು. ಗಾಳಿಯು ಕೆಟ್ಟಿತೆಂದು ಎಣಿಸಿ ಅನೇಕರು ಊರು ಬಿಟ್ಟು ಓಡುತ್ತಿದ್ದರು. ಓಡಲು ಹಣವೂ ಸ್ಥಳವೂ ಇಲ್ಲದವರು ಇದ್ದಲ್ಲಿಯೇ ಸತ್ತರು. ಮುಂದಿನ ಜನವರಿ ತಿಂಗಳಿನ ತನಕ ಆ ಸಣ್ಣ ಪಟ್ಟಣದಲ್ಲಿ 1,300ಕ್ಕೂ ಹೆಚ್ಚು ಜನರು ಮೃತರಾದರು. ಕೆಲವು ದಿನಗಳಲ್ಲಿ ಮೂವತ್ತು ಮಂದಿಯ ತನಕ ಹೂಣಲ್ಪಟ್ಟರು.

ಬೋಧಕರ ಮನೆಯು ಸ್ಮಶಾನಭೂಮಿಯ ಎದುರಿನಲ್ಲಿತ್ತು. ಕಿಟಕಿಯನ್ನು ತೆರೆದರೆ ಹೊಸದಾಗಿ ಅಗೆದ ಮಣ್ಣು ಕಾಣುತ್ತಿತ್ತು. ನಿಕೊಲಾಯಿಯವರು ಓಡಲಿಲ್ಲ. ಅವರಿಗೆ ಆಗ ಹೆಂಡತಿ ಮಕ್ಕಳು ಇರಲಿಲ್ಲ. ಹೋಗಬೇಕೆಂದಿದ್ದರೆ ತಡೆಯುವವರು ಯಾರೂ ಇರಲಿಲ್ಲ. ಆದರೂ ಅಲ್ಲಿಯೇ ಉಳಿದು ದಿನಾಲೂ ಸಮಾಧಿಗಳ ಬಳಿಯಲ್ಲಿ ನಿಂತರು. ಸಾಯುವವರಿಗಿಂತ ಉಳಿದವರ ಸಂಕಟವು ಅವರ ಹೃದಯಕ್ಕೆ ಹೆಚ್ಚು ತಾಕಿತೆಂದು ತೋರುತ್ತದೆ. ಹೇಗಂದರೆ, ಸತ್ತವರ ವ್ಯಾಜ್ಯ ಮುಗಿಯಿತು. ಗಂಡನನ್ನು ಹೂಣಿಟ್ಟು ಮರುದಿನ ಮಗುವನ್ನು ಹೂಣಿಡಲು ಬಂದ ಹೆಂಗಸಿಗೆ ಏನು ಹೇಳಬೇಕು? ರಾತ್ರಿಭೋಜನದ ವಿಷಯವಾದ ತರ್ಕವೆಲ್ಲಾ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಅವರು ನಿತ್ಯಜೀವದ ವಿಷಯವಾದ ವೇದವಾಕ್ಯಗಳನ್ನು ಒಂದೊಂದಾಗಿ ಹುಡುಕಿ ಧ್ಯಾನಿಸತೊಡಗಿದರು. ಸಭಾಪಿತೃವಾದ ಆಗುಸ್ತೀನರು ದೇವರ ಪಟ್ಟಣದ ವಿಷಯವಾಗಿ ಬರೆದ ಗ್ರಂಥವನ್ನೂ ಓದಿದರು. ಧ್ಯಾನಿಸಿದ್ದನ್ನು ದಿನದಿನವೂ ಬರೆದಿಟ್ಟರು. ತಾನು ಸತ್ತರೆ ಈ ಕಾಗದಗಳು ತನ್ನ ಸಾಕ್ಷಿಯಾಗಿ ಉಳಿಯಲಿ, ಬದುಕಿದರೆ ಬೇರೆ ಕಷ್ಟಸ್ಥರಿಗೆ ಆದರಣೆಯಾಗಲಿ ಎಂಬುದೇ ಅವರ ಉದ್ದೇಶವಾಗಿತ್ತು.

ಅವರು ಬದುಕಿದರು. ಆ ಬರವಣಿಗೆಯು 1599ರಲ್ಲಿ ಫ್ರಾಂಕ್‌ಫುರ್ಟ್ ಪಟ್ಟಣದಲ್ಲಿ ಅಚ್ಚಾಯಿತು. ಅದಕ್ಕೆ ಅವರು ಇಟ್ಟ ಹೆಸರು ನಿತ್ಯಜೀವದ ಆನಂದದರ್ಪಣ. ಸ್ಮಶಾನದ ಎದುರಿನಲ್ಲಿ ಕೂತು ಬರೆದ ಪುಸ್ತಕಕ್ಕೆ ಇಂಥಾ ಹೆಸರು! ಅದರ ಕೊನೆಯಲ್ಲಿ ಅವರು ರಾಗಸಹಿತವಾಗಿ ಗೀತಗಳನ್ನು ಸೇರಿಸಿದರು. ದೊಡ್ಡ ಪುಸ್ತಕವನ್ನು ಈಗ ಓದುವವರು ಬಹು ಸ್ವಲ್ಪ. ಆದರೆ ಗೀತಗಳಲ್ಲಿ ಎರಡು ಲೋಕವೆಲ್ಲಾ ಹರಡಿದವು. ಒಂದರಲ್ಲಿ ಕ್ರಿಸ್ತನು ಸಭೆಯ ಉದಯನಕ್ಷತ್ರವಾಗಿಯೂ ಮದಲಿಂಗನಾಗಿಯೂ ಸ್ತುತಿಸಲ್ಪಡುತ್ತಾನೆ. ಇನ್ನೊಂದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿರುವ ಹತ್ತು ಮಂದಿ ಕನ್ಯೆಯರ ಸಾಮ್ಯದ ಮೇಲಿನ ಹಾಡು. ಜರ್ಮನಿಯ ಪಟ್ಟಣಗಳಲ್ಲಿ ಗೋಪುರದ ಮೇಲಿನ ಕಾವಲುಗಾರರು ರಾತ್ರಿಯಲ್ಲಿ ಹೊತ್ತನ್ನು ಸಾರುವುದು ವಾಡಿಕೆಯಾಗಿತ್ತು. ಈ ಗೀತದಲ್ಲಿಯೂ ಕಾವಲುಗಾರರು ಮಧ್ಯರಾತ್ರಿಯಲ್ಲಿ ಕೂಗುತ್ತಾರೆ. ಚೀಯೋನ್ ಎಚ್ಚತ್ತು ಏಳುತ್ತಾಳೆ. ಕಡೆಯಲ್ಲಿ ಮನುಷ್ಯರೂ ದೇವದೂತರೂ ಒಟ್ಟಾಗಿ ಹಾಡುತ್ತಾರೆ. ರೋಗದ ಹೆಸರಾಗಲಿ ಕುಣಿಯ ಹೆಸರಾಗಲಿ ಈ ಎರಡು ಗೀತಗಳಲ್ಲಿ ಒಂದು ಸಾರಿಯೂ ಬರುವುದಿಲ್ಲ. ಊನ್ನದಲ್ಲಿ ಅದನ್ನು ಕೇಳಿದವರಿಗೆ ಹೇಳಬೇಕಾದದ್ದೂ ಇರಲಿಲ್ಲ.

ಇನ್ನು ಆ ಬಾಲಕನ ಸಂಗತಿ. ವಿಲ್‌ಹೆಲ್ಮ್ ಎರ್ನ್‌ಸ್ಟನು ವಿದ್ಯಾಭ್ಯಾಸಕ್ಕಾಗಿ ತ್ಯುಬಿಂಗೆನ್ ಪಟ್ಟಣಕ್ಕೆ ಹೋಗಿದ್ದನು. (ನಮ್ಮ ಕನ್ನಡ ಸಭೆಗಳಿಗೆ ಪೂಜ್ಯರಾದ ಮೋಗ್ಲಿಂಗರೂ ಬಹು ಕಾಲದ ಅನಂತರ ಕಲಿತದ್ದು ಅಲ್ಲಿಯೇ.) 1598ರಲ್ಲಿ, ಇನ್ನೂ ಹುಡುಗನಾಗಿರುವಾಗಲೇ, ಅವನು ಅಲ್ಲಿ ತೀರಿಕೊಂಡನು. ಗುರುವು ಪ್ರೀತಿಯ ಶಿಷ್ಯನ ಹೆಸರನ್ನು ಗೀತಗಳೊಳಗೆ ಹೆಣೆದಿದ್ದಾರೆ. ಉದಯನಕ್ಷತ್ರದ ಗೀತದಲ್ಲಿ ಏಳು ಪದ್ಯಗಳಿವೆ. ಜರ್ಮನ್ ಭಾಷೆಯಲ್ಲಿ ಅವುಗಳ ಮೊದಲನೆಯ ಅಕ್ಷರಗಳನ್ನು ಕೂಡಿಸಿದರೆ ವಾಲ್ಡೆಕ್ಕಿನ ಪ್ರಭುವೂ ಒಡೆಯನೂ ಆದ ವಿಲ್‌ಹೆಲ್ಮ್ ಎರ್ನ್‌ಸ್ಟ್ ಎಂಬ ಹೆಸರು ಬಿರುದುಗಳ ಆದ್ಯಕ್ಷರಗಳು ಸಿಕ್ಕುತ್ತವೆ. ಕಾವಲುಗಾರರ ಗೀತದ ಮೂರು ಪದ್ಯಗಳಲ್ಲಿ ವಾಲ್ಡೆಕ್ಕಿನ ಪ್ರಭು ಎಂಬುದರ ಅಕ್ಷರಗಳು ಹಿಂದುಮುಂದಾಗಿ ನಿಂತಿವೆ. ಇದು ಬರೀ ಆಟವೆಂದು ಯಾರಾದರೂ ಎಣಿಸಿದರೆ, ಯೆರೂಸಲೇಮು ಹಾಳಾದದ್ದಕ್ಕಾಗಿ ಅತ್ತ ಪ್ರಲಾಪಗಳ ಪುಸ್ತಕದಲ್ಲಿಯೂ ಮೊದಲಿನ ನಾಲ್ಕು ಅಧ್ಯಾಯಗಳು ಇಬ್ರಿಯ ಅಕ್ಷರಗಳ ಕ್ರಮದಲ್ಲಿಯೇ ಕಟ್ಟಲ್ಪಟ್ಟಿವೆ ಎಂಬುದನ್ನು ಜ್ಞಾಪಿಸಿಕೊಳ್ಳಲಿ.

1598ರ ಕೊನೆಯಲ್ಲಿ ಸ್ಪೇನಿನ ದಂಡು ಮತ್ತೊಮ್ಮೆ ಬಂದದ್ದರಿಂದ ನಿಕೊಲಾಯಿಯವರು ಸ್ವಲ್ಪ ಕಾಲ ತಪ್ಪಿಸಿಕೊಂಡಿರಬೇಕಾಯಿತು. 1600ರಲ್ಲಿ ಒಬ್ಬ ಬೋಧಕರ ವಿಧವೆಯನ್ನು ಮದುವೆಯಾದರು. ಮರುವರುಷ ಹಾಂಬುರ್ಗ್ ಮಹಾಪಟ್ಟಣದ ಸಂತ ಕಥರೀನಳ ದೇವಾಲಯದಲ್ಲಿ ಮುಖ್ಯ ಬೋಧಕರಾದರು. 1604ರಲ್ಲಿ ಆ ಪಟ್ಟಣದ ನಾಲ್ಕು ದೇವಾಲಯಗಳ ಆರ್ಗನ್ ವಾದಕರು ಸೇರಿ ಒಂದು ಗೀತಪುಸ್ತಕವನ್ನು ಅಚ್ಚುಹಾಕಿಸಿದರು. ಅದರಲ್ಲಿ ಈ ಎರಡು ಗೀತಗಳೂ ನಾಲ್ಕು ಸ್ವರಗಳಿಗೆ ಹೊಂದಿಸಲ್ಪಟ್ಟವು. ಮುಖ್ಯ ರಾಗವನ್ನು ಮೇಲಿನ ಸ್ವರದಲ್ಲಿ ಇಟ್ಟಿದ್ದರಿಂದ, ಓದಲಾರದ ಮುದುಕಿಯೂ ಗಾಯಕರ ಸಂಗಡ ಹಾಡಬಹುದಾಗಿತ್ತು. ಊನ್ನದಲ್ಲಿ ಒಬ್ಬನು ಒಂಟಿಯಾಗಿ ಬರೆದದ್ದು ಹೀಗೆ ಅನೇಕರ ಬಾಯಿಗೆ ಬಂದಿತು. 1608ನೇ ಇಸವಿ ಅಕ್ಟೋಬರ್ 26ನೇ ತಾರೀಖಿನಲ್ಲಿ, ಐವತ್ತೆರಡು ವರುಷ ಪ್ರಾಯದವರಾಗಿ, ಅವರು ಹಾಂಬುರ್ಗಿನಲ್ಲಿ ದೇಹವನ್ನು ಬಿಟ್ಟರು.

ಉದಯನಕ್ಷತ್ರದ ಗೀತವು ಜರ್ಮನಿಯಲ್ಲಿ ಮದುವೆಗಳಲ್ಲಿಯೂ ಮರಣಶಯ್ಯೆಗಳ ಬಳಿಯಲ್ಲಿಯೂ ಹಾಡಲ್ಪಟ್ಟಿತು. ಲೈಪ್‌ಸಿಗ್ ಪಟ್ಟಣದ ಸಂಗೀತಗಾರರಾದ ಬಾಖರು 1731ನೇ ಇಸವಿ ನವೆಂಬರ್ 25ನೇ ತಾರೀಖಿನ ಆದಿತ್ಯವಾರಕ್ಕಾಗಿ ಕಾವಲುಗಾರರ ಗೀತದ ಮೇಲೆ ಒಂದು ದೊಡ್ಡ ಸಂಗೀತವನ್ನು ರಚಿಸಿದರು. ಅದರ ಆರಂಭದಲ್ಲಿ ಹುಡುಗರ ಎತ್ತರದ ಸ್ವರವು ಹಳೆಯ ರಾಗವನ್ನು ನಿಧಾನವಾಗಿ ಎಳೆದು ಹಾಡುವಾಗ, ಕೆಳಗಿನ ಮೂರು ಸ್ವರಗಳು ಓಡಿ ಓಡಿ ಕೂಗುತ್ತವೆ. ಕೊನೆಯ ಪದ್ಯದಲ್ಲಿಯಾದರೋ ಎಲ್ಲರೂ ಒಟ್ಟಾಗಿ ಒಂದೇ ನಡೆಯಲ್ಲಿ ನಿಲ್ಲುತ್ತಾರೆ. ನಿಕೊಲಾಯಿಯವರು ಅಷ್ಟು ಕಠಿಣವಾಗಿ ಎದುರಿಸಿದ ಕಲ್ವಿನರ ಪಕ್ಷದ ಸಭೆಗಳೂ ಕಾಲಕ್ರಮದಲ್ಲಿ ಈ ಗೀತಗಳನ್ನು ಹಾಡತೊಡಗಿದವು.

ಬೇರೆ ಭಾಷೆಗಳಿಗೆ ತಿರುಗಿಸುವಾಗ ಮೊದಲಕ್ಷರಗಳು ಉಳಿಯುವುದಿಲ್ಲ. ಆದದರಿಂದ ಆ ಬಾಲಕನ ಹೆಸರು ಜರ್ಮನ್ ಪುಸ್ತಕದಲ್ಲಿ ಮಾತ್ರ ಇದೆ. ಊನ್ನದಲ್ಲಿ ಸತ್ತ ಹದಿಮೂರು ನೂರು ಜನರ ಹೆಸರು ಅದರಲ್ಲಿಯೂ ಇಲ್ಲ. ರಾಗವು ಮಾತ್ರ ಅವರು ಹೂಣಲ್ಪಟ್ಟ ಊರಿನಲ್ಲಿ ಹುಟ್ಟಿ ಅನೇಕ ಕಡೆಗಳಲ್ಲಿ ಹಾಡಲ್ಪಡುತ್ತದೆ.